ಇವತ್ತಿನ ಅಳತೆ

2013ರ ಮಳೆಗಾಲದಲ್ಲಿ ಐದು ವಾರಗಳ ಕಾಲ ನನ್ನ ಬೆಳಗುಗಳೆಲ್ಲ ಬೆಂಗಳೂರಿನ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಳೆದವು. ಅಕ್ಕನ ಎದೆಯ ಗಡ್ಡೆಯನ್ನು ಅದಾಗಲೇ ತೆಗೆದಿದ್ದರು. ಔಷಧಿಯ ಬಾಟಲಿಗಳೂ ಮುಗಿದಿದ್ದವು. ಉಳಿದದ್ದು ನಮ್ಮ ಕಡೆ 'ಕರೆಂಟು ಕೊಡುವುದು' ಎಂದು ಕರೆಯುವ ವಿಕಿರಣ ಚಿಕಿತ್ಸೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಸಲ, ಒಟ್ಟು 25 ಸಲ. ಅರಸೀಕೆರೆಯಿಂದ ದಿನವೂ ಓಡಾಡುವಂತಿರಲಿಲ್ಲ. ಗಳಿಕೆ ರಜೆ ಹಾಕಿ, ಆಸ್ಪತ್ರೆಯ ಹತ್ತಿರವೇ ಒಂದು ಕೋಣೆ ಹಿಡಿದು, ಸೀಮೆಎಣ್ಣೆ ಸ್ಟವ್ ಮೇಲೆ ಅನ್ನ ಸಾರು ಮಾಡಿಕೊಂಡು ನಾವಿಬ್ಬರೂ ಇದ್ದೆವು. ಮದುವೆಯಾದ ಮೇಲೆ ಅಕ್ಕ ತಂಗಿಯರು ಒಂದೇ ಸೂರಿನಡಿ ಅಷ್ಟು ದಿನ ಇದ್ದದ್ದು ಅದೇ ಮೊದಲು.

ಹನ್ನೊಂದನೆಯ ದಿನ ಬೆಳಿಗ್ಗೆ ಎಂಟಕ್ಕೆ ಹೋದೆವು. ಎಂಟೂವರೆಯಾಯಿತು, ಒಂಬತ್ತಾಯಿತು, ಒಳಗಿನಿಂದ ಕರೆ ಬರಲಿಲ್ಲ. ಬೆಂಚಿನ ಮೇಲೆ ನಮ್ಮಂಥವರು ಇಪ್ಪತ್ತು ಮಂದಿ. ಕೊರಳಿಗೆ ಶಾಲು ಸುತ್ತಿಕೊಂಡ ಒಬ್ಬ ಮುದುಕರು ರಾಯಚೂರು ಕಡೆಯವರು. ಅವರಿಗೆ ಕೂರಲೂ ಆಗುತ್ತಿರಲಿಲ್ಲ. ಕೇಳಿದರೆ ವಾರ್ಡಿನ ಹುಡುಗ 'ಮಿಷನ್ ಸರಿಯಿಲ್ಲ' ಎನ್ನುತ್ತಿದ್ದ. ಆದರೆ ಒಳಗೆ ಯಂತ್ರ ಚಲಿಸುವ ಸದ್ದು ಕೇಳುತ್ತಲೇ ಇತ್ತು. ಮೇಷ್ಟರಿಗೆ ತಾಳ್ಮೆ ಹೆಚ್ಚು ಎನ್ನುತ್ತಾರೆ, ಅದು ತರಗತಿಯ ಒಳಗೆ ಮಾತ್ರ. ಎದ್ದು ಹೋಗಿ ಬಾಗಿಲು ತಟ್ಟಿದೆ.

ಹೊರಗೆ ಬಂದವಳು ಇಪ್ಪತ್ತೆಂಟು ಮೂವತ್ತರ ಹುಡುಗಿ. ಡಾಕ್ಟರಲ್ಲ, ಅಲ್ಲಿಯ ಭೌತವಿಜ್ಞಾನಿ. ಆಸ್ಪತ್ರೆಯಲ್ಲಿ ಭೌತವಿಜ್ಞಾನಿಗೆ ಏನು ಕೆಲಸ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಇವತ್ತಿನ ಅಳತೆ ಸರಿ ಬರಲಿಲ್ಲ ಅಮ್ಮಾ. ಮತ್ತೆ ಅಳೀತಾ ಇದೀವಿ" ಎಂದಳು.

"ಯಂತ್ರ ನಡೀತಾ ಇದೆಯಲ್ಲ. ನಿನ್ನೆ ಸಂಜೆಯವರೆಗೂ ಸರಿಯಾಗಿಯೇ ಇತ್ತಲ್ಲ?" ಎಂದು ನಾನು ಸ್ವಲ್ಪ ಗಡುಸಾಗಿಯೇ ಕೇಳಿದೆ.

"ನಿನ್ನೆ ಸರಿ ಇತ್ತು. ಅದರಿಂದ ಇವತ್ತೂ ಸರಿ ಇದೆ ಅಂತ ನಾನು ಹೇಗೆ ಹೇಳಲಿ?" ಎಂದು ಅವಳು ಒಳಗೆ ಹೋದಳು.

ಎರಡೂವರೆ ಗಂಟೆ ತಡವಾಗಿ ಚಿಕಿತ್ಸೆ ಶುರುವಾಯಿತು. ಅಷ್ಟು ಹೊತ್ತೂ ನಾನು ಅವಳ ಮೇಲೆ ಸಿಟ್ಟಾಗಿಯೇ ಇದ್ದೆ. ಆ ಮಾತು ಮಾತ್ರ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಮುಂದಿನ ವಾರ ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವಳು ಒಬ್ಬಳೇ ಊಟಕ್ಕೆ ಕೂತಿದ್ದಳು. ಎದುರಿಗೆ ಹೋಗಿ ಕೂತು, ಅಂದು ಒರಟಾಗಿ ಮಾತಾಡಿದ್ದಕ್ಕೆ ಬೇಸರ ಪಟ್ಟುಕೊಳ್ಳಬೇಡ ಎಂದೆ. ನಾನು ಶಾಲೆಯವಳು ಎಂದು ತಿಳಿದ ಮೇಲೆ ಅವಳಿಗೆ ಹುರುಪು ಬಂತು. ನಾನು ಬಿ.ಎ., ಬಿ.ಎಡ್. ಮಾಡಿದವಳು, ಸಮಾಜ ವಿಜ್ಞಾನ, ಕನ್ನಡ ನನ್ನ ವಿಷಯಗಳು. ಗಣಿತದ ಮೇಷ್ಟರ ಜಾಗ ಖಾಲಿಯಿದ್ದ ಎರಡು ವರ್ಷ ಆರನೆಯ ತರಗತಿಗೆ ಲೆಕ್ಕ ಹೇಳಿಕೊಟ್ಟದ್ದಷ್ಟೇ ನನ್ನ ಗಣಿತದ ಆಸ್ತಿ. ಅಂಥವಳಿಗೂ ತಿಳಿಯುವ ಹಾಗೆ ಅವಳು ಹೇಳಿದಳು. ಆಮೇಲೆ ನಾನೂ ಹುಡುಕಿ ಓದಿಕೊಂಡೆ. ತಿಳಿದಷ್ಟನ್ನು ಇಲ್ಲಿ ಹೇಳುತ್ತೇನೆ.

ಆ ಯಂತ್ರದ ಹೆಸರು ಲೀನಿಯರ್ ಆಕ್ಸಿಲರೇಟರ್. ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಹತ್ತಿರ ಹತ್ತಿರಕ್ಕೆ ಓಡಿಸಿ ಟಂಗ್‌ಸ್ಟನ್ ಲೋಹದ ತುಂಡಿಗೆ ಡಿಕ್ಕಿ ಹೊಡೆಸುತ್ತಾರೆ. ಅದರಿಂದ ಹೊಮ್ಮುವ ಕ್ಷ-ಕಿರಣ ಗಡ್ಡೆಯಿದ್ದ ಜಾಗಕ್ಕೆ ಹೋಗುತ್ತದೆ. ಎಷ್ಟು ಹೋಯಿತು ಎಂಬುದಕ್ಕೆ ಗ್ರೇ ಎಂಬ ಮಾನವಿದೆ. ಬ್ರಿಟಿಷ್ ವಿಜ್ಞಾನಿ ಲೂಯಿ ಹೆರಾಲ್ಡ್ ಗ್ರೇ ಅವರ ಹೆಸರನ್ನು 1975ರಲ್ಲಿ ಅದಕ್ಕಿಟ್ಟರು. ಒಂದು ಕಿಲೋ ಮಾಂಸದಲ್ಲಿ ಒಂದು ಜೂಲ್ ಶಕ್ತಿ ಇಳಿದರೆ ಒಂದು ಗ್ರೇ. ಅಕ್ಕನಿಗೆ ದಿನಕ್ಕೆ 2 ಗ್ರೇ, ಒಟ್ಟು 50. ಆ 2 ಗ್ರೇ ಶಕ್ತಿಯಿಂದ ನೀರು ಕಾಯಿಸಿದರೆ ಅದು ಒಂದು ಡಿಗ್ರಿಯ ಎರಡು ಸಾವಿರದ ಒಂದು ಭಾಗದಷ್ಟು ಮಾತ್ರ ಬಿಸಿಯಾಗುತ್ತದಂತೆ. ಕೈಗೆ ತಿಳಿಯುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ವಾಸನೆಯಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ನಾಲಗೆ ಹೇಳುತ್ತದೆ. ಇಲ್ಲಿ ಹೇಳುವವರು ಯಾರೂ ಇಲ್ಲ. ಮಲಗಿದವಳಿಗೂ ಗೊತ್ತಾಗುವುದಿಲ್ಲ, ಗುಂಡಿ ಒತ್ತಿದವಳಿಗೂ ಗೊತ್ತಾಗುವುದಿಲ್ಲ. ಅಳತೆಯೊಂದೇ ಸಾಕ್ಷಿ.

ಅಳೆಯುವ ಉಪಕರಣವನ್ನು ಅವಳು ಮರುದಿನ ತೋರಿಸಿದಳು. ನನಗೆ ನಗು ಬಂತು, ಏಕೆಂದರೆ ಅದು ಥೇಟು ಅಂಗುಸ್ತಾನದ ಹಾಗಿತ್ತು. ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುತ್ತೇವಲ್ಲ, ಅದೇ. ಇಂಗ್ಲಿಷಿನಲ್ಲೂ ಅದನ್ನು 'ಥಿಂಬಲ್ ಚೇಂಬರ್' ಎಂದೇ ಕರೆಯುತ್ತಾರಂತೆ. ಇಂಗ್ಲೆಂಡಿನ ಫಾರ್ಮರ್ ಎಂಬುವರು 1955ರಲ್ಲಿ ರೂಪಿಸಿದ ಮಾದರಿ ಅದು. ಒಳಗೆ ಅರ್ಧ ಚಮಚಕ್ಕಿಂತ ಬಹಳ ಕಡಿಮೆ, 0.6 ಘನ ಸೆಂಟಿಮೀಟರ್ ಗಾಳಿ. ನಮ್ಮ ಮೈಯೂ ಬಹುಪಾಲು ನೀರೇ ಆದ್ದರಿಂದ ಒಂದು ತೊಟ್ಟಿಯಲ್ಲಿ ನೀರು ತುಂಬಿ, 10 ಸೆಂಟಿಮೀಟರ್ ಆಳದಲ್ಲಿ ಈ ಅಂಗುಸ್ತಾನವನ್ನು ಇಟ್ಟು ಕಿರಣ ಬಿಡುತ್ತಾರೆ. ಒಳಗಿನ ಗಾಳಿಯಲ್ಲಿ ಹುಟ್ಟುವ ಅತ್ಯಲ್ಪ ವಿದ್ಯುತ್ತನ್ನು ಎಣಿಸಿ ಗ್ರೇ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಅಂಗುಸ್ತಾನದ ಮಾತು ನಿಜವೇ ಎಂದು ನೋಡುವುದಕ್ಕೆ ಅದನ್ನು ಆಗಾಗ ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಕಳಿಸಿ, ಅಲ್ಲಿಯ ಮಾದರಿಯ ಎದುರು ಹೋಲಿಸಿ ತರಿಸಬೇಕು. ಅಂಗಡಿಯ ತಕ್ಕಡಿಗೆ ಮುದ್ರೆ ಹಾಕಿಸುವ ಹಾಗೆ.

ಇಲ್ಲೊಂದು ಸೂಕ್ಷ್ಮವಿದೆ. ಅಂಗುಸ್ತಾನದೊಳಗಿನ ಗಾಳಿ ಹೊರಗಿನ ಗಾಳಿಯೇ. ಮುದ್ರೆಯಲ್ಲಿರುವ ಸಂಖ್ಯೆ ಸಮುದ್ರಮಟ್ಟದ ಒತ್ತಡಕ್ಕೆ ಹೊಂದುವಂಥದ್ದು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿಯ ಗಾಳಿ ಹತ್ತರಲ್ಲಿ ಒಂದು ಪಾಲು ತೆಳು. ಅದನ್ನು ಮರೆತು ಅಳೆದರೆ ಅಂಗುಸ್ತಾನ ಹತ್ತನೆಯ ಒಂದು ಪಾಲು ಕಡಿಮೆ ತೋರಿಸುತ್ತದೆ. ಕಡಿಮೆ ಇದೆಯೆಂದು ನಾವು ಹೆಚ್ಚು ಕೊಟ್ಟುಬಿಡುತ್ತೇವೆ. ಅದಕ್ಕೇ ಪ್ರತಿ ಸಲವೂ ಆ ಕೋಣೆಯ ಒತ್ತಡ, ನೀರಿನ ಶಾಖ ಎರಡನ್ನೂ ನೋಡಿ ಲೆಕ್ಕ ತಿದ್ದಬೇಕು. ಹವಾಮಾನದವರು ಪ್ರಕಟಿಸುವ ಒತ್ತಡವನ್ನು ನೆಚ್ಚಿಕೊಂಡರೂ ಮೋಸ, ಏಕೆಂದರೆ ಅದನ್ನು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಸರಿಹೊಂದಿಸಿ ಹೇಳಿರುತ್ತಾರೆ. "ಎಲ್ಲಿ ನಿಂತು ಅಳೀತಾ ಇದೀವಿ ಅನ್ನೋದು ಮೊದಲು ಗೊತ್ತಿರಬೇಕು ಟೀಚರ್" ಎಂದಳು ಆ ಹುಡುಗಿ. ಎಲ್ಲಿ ನಿಂತ ಮಗುವನ್ನು ಎಲ್ಲಿಯ ಅಳತೆಗೋಲಿನಿಂದ ಅಳೆಯುತ್ತೇವೆ ಎಂದು ನನಗೆ ನನ್ನ ತರಗತಿಯ ಹಿಂದಿನ ಬೆಂಚು ನೆನಪಾಯಿತು. ಆಗ ಸುಮ್ಮನಾದೆ.

ಯಂತ್ರದ ತಲೆಯೊಳಗೂ ಅಳೆಯುವವರು ಇಬ್ಬರಿರುತ್ತಾರೆ. ಒಂದಕ್ಕಿನ್ನೊಂದು ಸಂಬಂಧವಿಲ್ಲದ ಎರಡು ಅಳತೆ ಪೆಟ್ಟಿಗೆಗಳು. ನಿಗದಿಯಾದಷ್ಟು ಕಿರಣ ಹೋದೊಡನೆ ಮೊದಲನೆಯದು ಯಂತ್ರ ನಿಲ್ಲಿಸುತ್ತದೆ. ಅದು ಮರೆತರೆ ಎರಡನೆಯದು ನಿಲ್ಲಿಸುತ್ತದೆ. ಅವು ಎಣಿಸುವ ಎಣಿಕೆಗೆ ಮಾನಿಟರ್ ಯೂನಿಟ್ ಎಂದು ಹೆಸರು. ಇಷ್ಟು ದೂರ, ಇಷ್ಟು ಅಗಲದ ಕಿಂಡಿ, ಇಷ್ಟು ಆಳ ಎಂದು ಒಂದು ಗೊತ್ತಾದ ಸ್ಥಿತಿಯಲ್ಲಿ ಒಂದು ಯೂನಿಟ್ಟಿಗೆ ಒಂದು ಗ್ರೇಯ ನೂರನೆಯ ಒಂದು ಭಾಗ ಸಿಗುವಂತೆ ಹೊಂದಿಸಿರುತ್ತಾರೆ. ಆದರೆ ಮನುಷ್ಯರ ಮೈ ಗೊತ್ತಾದ ಸ್ಥಿತಿಯಲ್ಲಿ ಇರುವುದಿಲ್ಲವಲ್ಲ. ಗಡ್ಡೆಯ ಆಳ ಬೇರೆ, ಮೈಯ ದಪ್ಪ ಬೇರೆ, ಕಿಂಡಿಯ ಅಗಲ ಬೇರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಲೆಕ್ಕ ಹಾಕಿ, ಆ ಲೆಕ್ಕವನ್ನು ಇನ್ನೊಬ್ಬರು ಬೇರೆ ದಾರಿಯಲ್ಲಿ ಮತ್ತೊಮ್ಮೆ ಹಾಕಿ ತಾಳೆ ನೋಡುತ್ತಾರೆ. ಅಕ್ಕ ಹನ್ನೊಂದನೆಯ ದಿನ ಕಾದು ಕೂತಿದ್ದಾಗ ಆಗಿದ್ದಿಷ್ಟು: ಯಂತ್ರದೊಳಗಿನ ಎಣಿಕೆ ಸ್ವಲ್ಪ ಜಾರಿತ್ತು. ಬೆಳಗಿನ ಪರೀಕ್ಷೆಯಲ್ಲಿ ಶೇಕಡ 3ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮುಂದುವರಿಯುವಂತಿಲ್ಲ. ಅಂದು 4 ಬಂದಿತ್ತು. ಅವಳು ನೀರಿನ ತೊಟ್ಟಿ ಇಟ್ಟು ಮತ್ತೆ ಅಳೆದಳು. ಅವಳು ಅಳೆದದ್ದನ್ನು ಇನ್ನೊಬ್ಬರು ಬಂದು ಅಳೆದರು. ಆಮೇಲೆ ಬಾಗಿಲು ತೆಗೆಯಿತು.

"ಶೇಕಡ ನಾಲ್ಕಕ್ಕೆ ಅಷ್ಟೊಂದು ಗಲಾಟೆಯೇ? ನಮ್ಮಲ್ಲಿ ನೂರಕ್ಕೆ ನಾಲ್ಕು ಅಂಕ ಯಾವ ಲೆಕ್ಕ?" ಎಂದು ನಾನು ತಮಾಷೆಗೆ ಕೇಳಿದೆ. ಅವಳು ನಗಲಿಲ್ಲ. ಇಂಗ್ಲೆಂಡಿನ ಒಂದು ಕಥೆ ಹೇಳಿದಳು.

ಸ್ಟೋಕ್-ಆನ್-ಟ್ರೆಂಟ್ ಎಂಬ ಊರಿನ ದೊಡ್ಡ ಆಸ್ಪತ್ರೆಯಲ್ಲಿ 1982ರಲ್ಲಿ ಚಿಕಿತ್ಸೆಯ ಲೆಕ್ಕಕ್ಕೆ ಹೊಸ ಕಂಪ್ಯೂಟರ್ ವ್ಯವಸ್ಥೆ ಬಂತು. ದೀಪದ ಹತ್ತಿರ ಹೋದಷ್ಟೂ ಬೆಳಕು ಹೆಚ್ಚುವ ಹಾಗೆ, ಕಿರಣದ ಮೂಲಕ್ಕೆ ರೋಗಿ ಹತ್ತಿರವಾದರೆ ಕಿರಣ ಹೆಚ್ಚು. ಆದ್ದರಿಂದ ಹೊತ್ತು ಕಡಿಮೆ ಮಾಡಬೇಕು. ಹಿಂದೆ ಈ ತಿದ್ದುಪಡಿಯನ್ನು ಅಲ್ಲಿಯ ಸಿಬ್ಬಂದಿ ಕೈಯಿಂದಲೇ ಮಾಡುತ್ತಿದ್ದರು. ಹೊಸ ಕಂಪ್ಯೂಟರ್ ತಾನೇ ಅದನ್ನು ಮಾಡಿಕೊಡುತ್ತಿತ್ತು. ಇದು ಯಾರ ಗಮನಕ್ಕೂ ಬರಲಿಲ್ಲ. ಕಂಪ್ಯೂಟರ್ ಒಮ್ಮೆ ಕಳೆಯಿತು, ಇವರು ವಾಡಿಕೆಯಂತೆ ಇನ್ನೊಮ್ಮೆ ಕಳೆದರು. ದೂರ 100 ಸೆಂಟಿಮೀಟರ್ ಬದಲು 90 ಆದರೆ, 100 ಸೆಕೆಂಡು ಬೇಕಾದ ಕಡೆ 81 ಸಾಕು. ಅದನ್ನೇ ಎರಡು ಸಲ ಕಳೆದರೆ ಉಳಿಯುವುದು ಸುಮಾರು 66. ಹೀಗೆ ಒಂಬತ್ತು ವರ್ಷ ನಡೆಯಿತು. 1991ರಲ್ಲಿ ಇನ್ನೊಂದು ಹೊಸ ಕಂಪ್ಯೂಟರ್ ತಂದು ಹಳೆಯದರ ಜೊತೆ ಹೋಲಿಸಿದಾಗ ತಪ್ಪು ಸಿಕ್ಕಿತು. ಅಷ್ಟರಲ್ಲಿ 1,045 ರೋಗಿಗಳ ಲೆಕ್ಕ ಕೆಟ್ಟಿತ್ತು. ಕೆಲವರಿಗೆ ಶೇಕಡ 5ರಷ್ಟು ಕಡಿಮೆ, ಕೆಲವರಿಗೆ ಶೇಕಡ 30ರ ಆಸುಪಾಸು.

ಇನ್ನೊಂದು, ಕೋಸ್ಟರಿಕಾ ದೇಶದ್ದು. ರಾಜಧಾನಿ ಸಾನ್ ಹೋಸೆಯ ಒಂದು ಆಸ್ಪತ್ರೆಯಲ್ಲಿ 1996ರ ಆಗಸ್ಟಿನಲ್ಲಿ ಕೋಬಾಲ್ಟ್ ಯಂತ್ರಕ್ಕೆ ಹೊಸ ಮೂಲ ಹಾಕಿ ಅದರ ಬಲವನ್ನು ಅಳೆದರು. ಗಡಿಯಾರದಲ್ಲಿ 0.3 ನಿಮಿಷ ಎಂದಿದ್ದುದನ್ನು 30 ಸೆಕೆಂಡು ಎಂದು ಓದಿಕೊಂಡರು. 0.3 ನಿಮಿಷವೆಂದರೆ 18 ಸೆಕೆಂಡು! 18 ಸೆಕೆಂಡಿನಲ್ಲಿ ಬಂದದ್ದು 30 ಸೆಕೆಂಡಿನಲ್ಲಿ ಬಂತೆಂದು ತಿಳಿದದ್ದರಿಂದ ಮೂಲದ ಬಲ ಕಡಿಮೆ ಎಂದಾಯಿತು. ಎಲ್ಲರಿಗೂ ಹೊತ್ತು ಹೆಚ್ಚಿಸಿದರು. ಒಂದು ತಿಂಗಳ ನಂತರ ಸೆಪ್ಟೆಂಬರ್ ಕೊನೆಗೆ ಯಂತ್ರ ನಿಲ್ಲಿಸುವ ಹೊತ್ತಿಗೆ 115 ಮಂದಿಗೆ ಒಂದೂವರೆ ಪಾಲಿಗೂ ಮೀರಿ ಕಿರಣ ತಗುಲಿತ್ತು. ಅವರಲ್ಲಿ ಹಲವರು ಸತ್ತರು. ದಶಮಾಂಶ ಬಿಂದುವಿನ ಬಲಕ್ಕಿರುವುದು ಹತ್ತರ ಲೆಕ್ಕ, ನಿಮಿಷದೊಳಗೆ ಇರುವುದು ಅರವತ್ತರ ಲೆಕ್ಕ ಎಂದು ನಾನು ಆರನೆಯ ತರಗತಿಗೆ ಬೋರ್ಡಿನ ಮೇಲೆ ಬರೆದಿದ್ದೇನೆ. ತಪ್ಪು ಬರೆದ ಮಕ್ಕಳಿಗೆ ಅರ್ಧ ಅಂಕ ಕಳೆದು ಮುಂದೆ ಹೋಗಿದ್ದೇನೆ.

ಈ ಎರಡು ಕಥೆಗಳನ್ನು ಜೊತೆಗಿಟ್ಟು ನೋಡಿ. ಹೆಚ್ಚಾದ ತಪ್ಪು ಒಂದು ತಿಂಗಳಲ್ಲಿ ಹೊರಬಿತ್ತು. ಕಡಿಮೆಯಾದ ತಪ್ಪು ಒಂಬತ್ತು ವರ್ಷ ಅಡಗಿತ್ತು. ಹೆಚ್ಚಾದದ್ದು ಕೂಗುತ್ತದೆ: ಚರ್ಮ ಸುಡುತ್ತದೆ, ಹೊಟ್ಟೆ ಕೆಡುತ್ತದೆ, ರೋಗಿ ನರಳುತ್ತಾನೆ. ಕಡಿಮೆಯಾದದ್ದು ಸುಮ್ಮನಿರುತ್ತದೆ. ಚರ್ಮ ಕೆಂಪಾಗಲಿಲ್ಲವಲ್ಲ ಎಂದು ರೋಗಿ ದೇವರಿಗೆ ಕೈಮುಗಿಯುತ್ತಾನೆ. ಕೆಲವು ವರ್ಷಗಳ ಮೇಲೆ ಗಡ್ಡೆ ಮರಳಿ ಬಂದರೆ ಹಣೆಬರಹ ಎನ್ನುತ್ತಾನೆ. ಅದು ಹಣೆಯ ಬರಹವೋ ಯಾರದೋ ಲೆಕ್ಕದ ಬರಹವೋ ಅವನಿಗೆ ತಿಳಿಯುವ ದಾರಿಯೇ ಇಲ್ಲ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಪಕ್ಕದಲ್ಲಿ ಅಕ್ಕ ನಿದ್ರಿಸುತ್ತಿದ್ದಳು. ನನಗೆ ನೆನಪಾದದ್ದು ಅಕ್ಕನಲ್ಲ. ಹದಿನೈದು ವರ್ಷ ಹಿಂದಿನ ಒಬ್ಬ ಹುಡುಗಿ.

1998ರಲ್ಲಿ ನಾನು ಒಂಬತ್ತನೆಯ ತರಗತಿಯ ಸಮಾಜ ಪತ್ರಿಕೆ ತಿದ್ದಿದ್ದೆ. ಆ ಹುಡುಗಿ ಹಿಂದಿನ ಬೆಂಚಿನವಳು. ಬಾಯಿ ಬಿಡುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಬೇರೆ ವಿಷಯಗಳಲ್ಲಿ ಅಂತೂ ಇಂತೂ ದಾಟಿದ್ದಳು. ಸಮಾಜದಲ್ಲಿ 31 ಬಂದಿತ್ತು, ಬೇಕಾದದ್ದು 35. ಫೇಲಾದಳು. "ಒಂಬತ್ತರಲ್ಲೇ ಫೇಲು, ಇನ್ನು ಓದಿ ಏನು ಮಾಡ್ತಾಳೆ" ಎಂದು ಅವಳ ಅಪ್ಪ ಶಾಲೆ ಬಿಡಿಸಿದ. ಮರು ವರ್ಷ ಮದುವೆಯಾಯಿತೆಂದು ಕೇಳಿದೆ. ಇಂಥವು ನಮ್ಮ ಶಾಲೆಯಲ್ಲಿ ವರ್ಷಕ್ಕೆ ನಾಲ್ಕಾರು ಇರುತ್ತಿದ್ದವು. ಅಯ್ಯೋ ಪಾಪ ಎಂದು ಮರೆತೆ.

ಮುಂದಿನ ಬೇಸಿಗೆಯಲ್ಲಿ ಹಳೆಯ ಉತ್ತರ ಪತ್ರಿಕೆಗಳನ್ನು ರದ್ದಿಗೆ ಹಾಕಲು ಕಟ್ಟು ಬಿಚ್ಚಿದಾಗ ಅವಳ ಪತ್ರಿಕೆ ಕೈಗೆ ಬಂತು. ದಾರದಲ್ಲಿ ಕಟ್ಟಿದ್ದ ಹೆಚ್ಚುವರಿ ಹಾಳೆ ಮಡಚಿಕೊಂಡಿತ್ತು. ಅದರಲ್ಲೊಂದು ಉತ್ತರಕ್ಕೆ ನಾನೇ ಕೆಂಪು ಶಾಯಿಯಲ್ಲಿ 6 ಅಂಕ ಕೊಟ್ಟಿದ್ದೆ. ಮೊದಲ ಪುಟದ ಮೊತ್ತದಲ್ಲಿ ಆ ಆರು ಸೇರಿರಲಿಲ್ಲ. ಅವಳಿಗೆ ಬಂದದ್ದು 31 ಅಲ್ಲ, 37.

ಆ ಪುಟದ ಕೆಳಗೆ ಎರಡು ರುಜುವಿಗೆ ಜಾಗವಿತ್ತು. ಒಂದು ತಿದ್ದಿದವರದು. ಇನ್ನೊಂದು ಮೊತ್ತವನ್ನು ತಾಳೆ ನೋಡಿದವರದು. ಎರಡೂ ಕಡೆ ನನ್ನದೇ ರುಜು. ಎಲ್ಲರೂ ಹಾಗೆಯೇ ಮಾಡುತ್ತಿದ್ದೆವು. ಇನ್ನೊಬ್ಬರಿಗೆ ಕೊಟ್ಟು ಕಾಯುತ್ತ ಕೂರಲು ಯಾರಿಗೆ ಪುರುಸೊತ್ತು?

ಹೆಡ್ಮಾಸ್ಟರ ಹತ್ತಿರ ತೆಗೆದುಕೊಂಡು ಹೋದೆ. ಅವರು ನೋಡಿ, ಕನ್ನಡಕ ತೆಗೆದು, "ಮದುವೆ ಆಗಿಹೋಗಿದೆ. ಈಗ ಹೇಳಿ ಯಾರಿಗೆ ಉಪಕಾರ? ನೀವೇನು ಬೇಕೂಂತ ಮಾಡಿದ್ರಾ? ಬಿಡಿ" ಎಂದರು. ನನಗೂ ಅದೇ ಬೇಕಿತ್ತು. ಬಿಟ್ಟೆ.

'ಬೇಕೂಂತ ಮಾಡಿದ್ದಲ್ಲ.' ಈ ಮಾತನ್ನು ನಾವು ದಿನಕ್ಕೆ ಎಷ್ಟು ಸಲ ಹೇಳುತ್ತೇವೆ ಎಂದು ಯಾವತ್ತಾದರೂ ಎಣಿಸಿದ್ದೀರಾ? ಹಾಲು ಉಕ್ಕಿಸಿದರೆ, ಮಾತು ಮುರಿದರೆ, ಯಾರದೋ ಮನಸ್ಸು ನೋಯಿಸಿದರೆ. ಬಹಳ ಮಟ್ಟಿಗೆ ಅದು ನಿಜವೇ. ಸ್ಟೋಕ್ ಆಸ್ಪತ್ರೆಯಲ್ಲಿ ಕೆಟ್ಟ ಮನಸ್ಸಿನವರು ಒಬ್ಬರೂ ಇರಲಿಲ್ಲ. ಇದ್ದವರು ಶ್ರದ್ಧೆಯಿಂದ, ಹೇಳಿಕೊಟ್ಟ ಹಾಗೆ, ಒಂದು ದಿನವೂ ಬಿಡದೆ ಆ ತಿದ್ದುಪಡಿ ಮಾಡಿದರು. ಆ ಶ್ರದ್ಧೆಯೇ ತಪ್ಪನ್ನು ಒಂಬತ್ತು ವರ್ಷ ನಡೆಸಿತು. ಸೋಮಾರಿಯೊಬ್ಬ ಒಂದು ದಿನ ಮರೆತಿದ್ದರೆ ಆ ದಿನದ ರೋಗಿಗೆ ಸರಿಯಾದ ಅಳತೆ ಸಿಗುತ್ತಿತ್ತು! ಹಾಗಾದರೆ ಒಳ್ಳೆಯ ಮನಸ್ಸು ಸಾಲದೇ? ಸಾಲದು ಎಂದು ಒಪ್ಪಿಕೊಳ್ಳಲು ನನಗೆ ಬಹಳ ಕಷ್ಟವಾಯಿತು. ಏಕೆಂದರೆ ನಮ್ಮನ್ನು ಬೆಳೆಸಿದವರು ಅದೊಂದನ್ನೇ ಕಲಿಸಿದ್ದು: ಮನಸ್ಸು ಶುದ್ಧವಾಗಿದ್ದರೆ ದೇವರು ನೋಡಿಕೊಳ್ಳುತ್ತಾನೆ ಎಂದು.

ಇನ್ನೊಂದು ಅಡ್ಡಿಯೂ ಇದೆ. ನಮ್ಮಲ್ಲಿ ತಾಳೆ ನೋಡುವುದೆಂದರೆ ಅವಮಾನ. ತರಕಾರಿಯವಳಿಂದ ತಂದ ಚಿಲ್ಲರೆಯನ್ನು ಅತ್ತೆ ಮತ್ತೆ ಎಣಿಸಿದರೆ ಸೊಸೆಯ ಮುಖ ಊದಿಕೊಳ್ಳುತ್ತದೆ. 'ನನ್ನ ಮೇಲೆ ನಂಬಿಕೆ ಇಲ್ಲವೇ' ಎನ್ನುತ್ತೇವೆ. ನಮ್ಮಮ್ಮ ಮಾತ್ರ ಒಬ್ಬಳು ಬೇರೆ. ಎರವಲು ಅಕ್ಕಿ ಹಿಂದಿರುಗಿಸುವಾಗ ಪಾವಿನಲ್ಲಿ ತಾನು ಅಳೆದದ್ದನ್ನು ಪಕ್ಕದ ಮನೆಯವರ ಕೈಯಲ್ಲೇ ಇನ್ನೊಮ್ಮೆ ಅಳೆಸುತ್ತಿದ್ದಳು. "ನಿನ್ನ ಅಳತೆಯನ್ನು ನಾವು ನಂಬುವುದಿಲ್ಲವೇನೇ" ಎಂದು ಅವರು ನಕ್ಕರೆ, "ನನ್ನ ಕೈಯನ್ನು ನಾನೇ ನಂಬೋದಿಲ್ಲ ಕಣೇ" ಎನ್ನುತ್ತಿದ್ದಳು. ಚಿಕ್ಕವಳಿದ್ದಾಗ ಅದು ನನಗೆ ಬರೀ ಸಂಕೋಚ ಎನಿಸಿತ್ತು. ಆ ಆಸ್ಪತ್ರೆಯ ಹುಡುಗಿ ಹೇಳಿದ್ದೂ ಅದೇ. ಒಬ್ಬರು ಅಳೆದದ್ದನ್ನು ಇನ್ನೊಬ್ಬರು ಅಳೆಯುವುದು ಇವರಿಬ್ಬರ ನಡುವಿನ ನಂಬಿಕೆಯ ಮಾತಲ್ಲ. ಇವರಿಬ್ಬರ ನಡುವೆ ಮೇಜಿನ ಮೇಲೆ ಮೂರನೆಯವಳೊಬ್ಬಳು ಮಲಗಿದ್ದಾಳೆ. ಅವಳಿಗೆ ಲೆಕ್ಕ ಬರುವುದಿಲ್ಲ, ಕೇಳುವ ಧೈರ್ಯವಿಲ್ಲ. ಅವಳ ಪರವಾಗಿ ಕೇಳುವ ಬಾಯಿ ಅದು.

ಅದಕ್ಕಾಗಿ ಜಗತ್ತು ಒಂದು ಅಚ್ಚುಕಟ್ಟಾದ ಏರ್ಪಾಡು ಮಾಡಿಕೊಂಡಿದೆ. 1969ರಿಂದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಆಸ್ಪತ್ರೆಗಳಿಗೆ ಅಂಚೆಯಲ್ಲಿ ಪುಟ್ಟ ಗುಳಿಗೆಗಳನ್ನು ಕಳಿಸುತ್ತ ಬಂದಿವೆ. ಅದರೊಳಗೆ ಲಿಥಿಯಂ ಫ್ಲೋರೈಡ್ ಪುಡಿ ಇರುತ್ತಿತ್ತು. ಈಚಿನ ವರ್ಷಗಳಲ್ಲಿ ಗಾಜಿನ ಕಡ್ಡಿ ಬಂದಿದೆ. ನಮ್ಮ ದೇಶದಲ್ಲಿ ಭಾಭಾ ಕೇಂದ್ರವೂ ಇಂಥದೇ ಪರೀಕ್ಷೆ ನಡೆಸುತ್ತದೆ. ನಿಮ್ಮ ಲೆಕ್ಕದಂತೆ ಇದಕ್ಕೆ 2 ಗ್ರೇ ಕೊಟ್ಟು ವಾಪಸು ಕಳಿಸಿ ಎನ್ನುತ್ತಾರೆ. ಅಲ್ಲಿ ಪುಡಿಯನ್ನು ಕಾಯಿಸಿದರೆ ಅದು ಹೀರಿದ ಕಿರಣಕ್ಕೆ ತಕ್ಕಷ್ಟು ಬೆಳಕು ಹೊಮ್ಮಿಸುತ್ತದೆ, ನಿಜವಾಗಿ ಎಷ್ಟು ಕೊಟ್ಟಿದ್ದೀರಿ ಎಂಬುದು ಬಯಲಾಗುತ್ತದೆ. ಎಸ್.ಎಸ್.ಎಲ್.ಸಿ. ಪತ್ರಿಕೆಗಳನ್ನು ಊರು ಬಿಟ್ಟು ಊರಿಗೆ, ಹೆಸರು ಮರೆಸಿ ಕಳಿಸುತ್ತೇವಲ್ಲ, ಹಾಗೆ. 1988ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ಎಂಬಲ್ಲಿ 207 ಮಂದಿಗೆ ಶೇಕಡ 25ರಷ್ಟು ಹೆಚ್ಚು ಕಿರಣ ಹೋದದ್ದು ಗೊತ್ತಾದದ್ದೂ ಹೊರಗಿನವರು ಬಂದು ಅಳೆದಾಗಲೇ. ಒಳಗಿನವರಿಗೆ ತಮ್ಮ ತಪ್ಪು ಕಾಣುವುದಿಲ್ಲ. ತಮ್ಮ ಬೆನ್ನು ತಮಗೆ ಕಾಣುವುದಿಲ್ಲವಲ್ಲ, ಹಾಗೆ.

ಹಾಗೆಂದು ತಪ್ಪೇ ಆಗಬಾರದು ಎಂದು ಹಟ ಹಿಡಿಯುವುದೂ ಸರಿಯಲ್ಲ. ನಮ್ಮಲ್ಲಿ ಹಲವರಿಗೆ ಆ ಕಾಯಿಲೆಯೂ ಇದೆ. ಮಕ್ಕಳಿಗೆ ಜ್ವರ ಬಂದರೂ ತನ್ನದೇ ತಪ್ಪು, ಗಂಡ ಸಿಡುಕಿದರೂ ತನ್ನದೇ ತಪ್ಪು ಎಂದು ಕೊರಗುವ ಹೆಂಗಸರನ್ನು ನೀವೂ ಕಂಡಿರುತ್ತೀರಿ. ಆ ಹುಡುಗಿಗೆ ಕೇಳಿದೆ, ಸೊನ್ನೆ ವ್ಯತ್ಯಾಸ ಬರುವ ತನಕ ಅಳೆಯುತ್ತೀರಾ ಎಂದು. "ಸೊನ್ನೆ ಯಾವತ್ತೂ ಬರೋದಿಲ್ಲ ಟೀಚರ್. ಅದಕ್ಕೆ ಕಾದರೆ ಯಾರಿಗೂ ಚಿಕಿತ್ಸೆ ಸಿಗೋದಿಲ್ಲ. ಇಷ್ಟರೊಳಗಿದ್ದರೆ ಮುಂದುವರಿ, ಇಷ್ಟು ದಾಟಿದರೆ ನಿಲ್ಲಿಸು ಅಂತ ಮೊದಲೇ ಗೆರೆ ಹಾಕಿಕೊಂಡಿರ್ತೀವಿ" ಎಂದಳು. ಎಲ್ಲ ಸೇರಿ ಕೊನೆಗೆ ಗಡ್ಡೆಯ ಜಾಗಕ್ಕೆ ತಲುಪುವುದರಲ್ಲಿ ಶೇಕಡ 5ರೊಳಗೆ ಇರಬೇಕೆಂಬುದು ಅವರ ಸಾಮಾನ್ಯ ಗುರಿಯಂತೆ. ಕ್ಷಮೆಗೂ ಒಂದು ಅಳತೆ ಇರುವುದು ಒಳ್ಳೆಯದು ಎನಿಸಿತು. ಗೆರೆಯ ಒಳಗಿನದಕ್ಕೆ ಕೊರಗಬಾರದು, ಗೆರೆ ದಾಟಿದ್ದನ್ನು ಮುಚ್ಚಬಾರದು.

ನನ್ನದು ಗೆರೆ ದಾಟಿತ್ತು. ಆರು ಅಂಕ ಕೂಡಿಸದೆ ಬಿಟ್ಟದ್ದು ಕೈತಪ್ಪು. ಎರಡೂ ಕಡೆ ನಾನೇ ರುಜು ಹಾಕಿದ್ದು ಅಸಡ್ಡೆ. ಗೊತ್ತಾದ ಮೇಲೂ ಬಿಟ್ಟದ್ದು? ಅದನ್ನು ಬೇಕೂಂತಲೇ ಮಾಡಿದ್ದು. ಮೊದಲನೆಯದಕ್ಕೆ ಕ್ಷಮೆ ಕೇಳಬಹುದಿತ್ತು. ಮೂರನೆಯದು ಹದಿನೈದು ವರ್ಷದಲ್ಲಿ ಅದರ ಮೇಲೆ ಬಡ್ಡಿಯಂತೆ ಬೆಳೆದಿತ್ತು.

ಅಕ್ಕನ ಚಿಕಿತ್ಸೆ ಮುಗಿಸಿಕೊಂಡು ಊರಿಗೆ ಬಂದ ಮೇಲೆ ಆ ಹುಡುಗಿಯ ಗಂಡನ ಊರು ವಿಚಾರಿಸಿದೆ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಇಷ್ಟು ಹತ್ತಿರವಿದ್ದಳು. ಒಂದು ಭಾನುವಾರ ಹೋದೆ. ಗುರುತು ಹಿಡಿದು, ಗಡಬಡಿಸಿ ಚಾಪೆ ಹಾಸಿದಳು. ಅಂಗಳದಲ್ಲಿ ಹಸು, ಜಗಲಿಯ ಮೇಲೆ ಹೊಲಿಗೆ ಯಂತ್ರ. ನೀರು ಕುಡಿದು, ಸುತ್ತು ಬಳಸದೆ ಹೇಳಿಬಿಟ್ಟೆ. ಹೆಚ್ಚುವರಿ ಹಾಳೆ, ಆರು ಅಂಕ, ಎರಡು ರುಜು, ಹೆಡ್ಮಾಸ್ಟರ ಮಾತು, ಎಲ್ಲವನ್ನೂ.

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಬೈಯಬಹುದು, ಅಳಬಹುದು, ಇಲ್ಲವೇ 'ಹೋಗಲಿ ಬಿಡಿ ಟೀಚರ್' ಎನ್ನಬಹುದು ಎಂದು ನಾನು ಎಣಿಸಿದ್ದೆ. ಅವಳು ಕೇಳಿದ್ದು ಬೇರೆ.

"ಹಂಗಾದ್ರೆ ನಾನು ಪಾಸಾಗಿದ್ನಾ?"

"ಪಾಸಾಗಿದ್ದೆ. 37."

ಒಳಗಿದ್ದ ಮಗಳನ್ನು ಕೂಗಿ ಕರೆದಳು. ಹತ್ತು ಹನ್ನೊಂದರ ಹುಡುಗಿ, ಕೈಯಲ್ಲಿ ಪುಸ್ತಕ. "ನೋಡೇ, ನಿಮ್ಮಪ್ಪ ಯಾವಾಗ್ಲೂ ಹೇಳ್ತಾರಲ್ಲ, ನಿಮ್ಮಮ್ಮ ಒಂಬತ್ತು ಫೇಲು ಅಂತ. ನಾನು ಪಾಸಾಗಿದ್ದೆ ಕಣೇ. ಟೀಚರ್ ಬಂದು ಹೇಳ್ತಾ ಇದಾರೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, "ಆಗ್ಲೇ ಬಂದು ಹೇಳಿದ್ರೆ ಆಗ್ತಿತ್ತು ಟೀಚರ್" ಎಂದಳು.

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ. ಕಾಫಿ ಕೊಟ್ಟಳು, ಕುಡಿದೆ. ಹೊರಡುವಾಗ ಕುಂಕುಮ ಕೊಟ್ಟಳು. 'ಈಗ ಹೇಳಿ ಯಾರಿಗೆ ಉಪಕಾರ' ಎಂದು ಹೆಡ್ಮಾಸ್ಟರು ಕೇಳಿದ್ದರಲ್ಲ, ಅವರಿಗೂ ನನಗೂ ಗೊತ್ತಿಲ್ಲದ ಸಂಗತಿಯೊಂದಿತ್ತು. ಹೋದ ವರ್ಷಗಳು ಮರಳದಿದ್ದರೂ, ತಾನು ಫೇಲಾದವಳಲ್ಲ ಎಂದು ತಿಳಿಯುವ ಹಕ್ಕು ಒಬ್ಬಳಿಗೆ ಇರುತ್ತದೆ. ಅದನ್ನು ನಾವು ಉಪಕಾರದ ಲೆಕ್ಕದಲ್ಲಿ ಅಳೆಯಲು ಹೋಗಿದ್ದೆವು. ಅಳತೆಗೋಲೇ ತಪ್ಪಾಗಿತ್ತು.

ಅಕ್ಕ ಈಗ ವರ್ಷಕ್ಕೊಮ್ಮೆ ತಪಾಸಣೆಗೆ ಹೋಗಿ ಬರುತ್ತಾಳೆ. ಹೋದಾಗಲೆಲ್ಲ ನಾನೂ ಜೊತೆಗೆ ಹೋಗುತ್ತೇನೆ. ಈಗ ನೆಲಮಾಳಿಗೆಯಲ್ಲಿ ತಡವಾದರೆ ನನಗೆ ಸಿಟ್ಟು ಬರುವುದಿಲ್ಲ. ಶಾಲೆಯಲ್ಲಿ ನಾನು ತಿದ್ದಿದ ಪತ್ರಿಕೆಗಳ ಕಟ್ಟನ್ನು ಪಕ್ಕದ ಮೇಜಿನ ಟೀಚರಿಗೆ ಕೊಡುತ್ತೇನೆ, ಅವರದನ್ನು ನಾನು ನೋಡುತ್ತೇನೆ. ಮೊದಮೊದಲು ಅವರು ಗೊಣಗಿದರು. "ಇಪ್ಪತ್ತು ವರ್ಷದಿಂದ ತಿದ್ದುತ್ತಾ ಇದೀರಿ, ನಿಮಗೇ ನಿಮ್ಮ ಮೇಲೆ ನಂಬಿಕೆ ಇಲ್ವಾ?" ಎಂದು ಕೇಳಿದರು.

"ನಿನ್ನೆಯವರೆಗೂ ಇತ್ತು. ಇವತ್ತಿನದು ನೀವು ನೋಡಿ ಹೇಳಿ" ಎಂದೆ. ಅವರು ಎಣಿಸತೊಡಗಿದರು.